ಅಟ್ಟದ ಮೇಲಿನ ಅನಾಮಿಕ

ನಮ್ಮ ಅಟ್ಟದ ಮೇಲೆ ಹಳೆಯ ಲ್ಯಾಪ್‌ಟಾಪೊಂದು ಸರ್ವರ್ ಆಗಿ ಕೂತಿದೆ. ಮದುವೆ, ಮುಂಜಿ, ನಾಮಕರಣದ ಫೋಟೊಗಳೆಲ್ಲ ಅದರ ಹೊಟ್ಟೆಯಲ್ಲೇ. ವಿಳಾಸ ಮಾತ್ರ 192.168.1.14, ಪೋರ್ಟ್ 2283. "ಇದೇನ್ರೀ, ಕೈದಿ ನಂಬರಾ?" ಎಂದಳು ಹೆಂಡತಿ. ಬ್ರೌಸರಂತೂ ನಮ್ಮದೇ ಫೋಟೊಗಳಿಗೆ 'ಸುರಕ್ಷಿತವಲ್ಲ' ಎಂದು ಹಣೆಪಟ್ಟಿ ಕಟ್ಟಿತು; ಅತ್ತೆಯವರು ಅಳಿಯನನ್ನೇ ಅನುಮಾನದಿಂದ ನೋಡಿದರು.

ಕಡೆಗೆ ಡಾಟ್ ಇನ್ ಡೊಮೇನೊಂದನ್ನು ಕೊಂಡೆ. ಅದಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ, ಬ್ರೌಸರಿನ ಆ ಹಣೆಪಟ್ಟಿ ಕಳಚುವ ಸರ್ಟಿಫಿಕೇಟನ್ನು ಪುಕ್ಕಟೆ ಕೊಡುತ್ತದೆ. ಡೊಮೇನಿನ ಡಿಎನ್‌ಎಸ್ ದಾಖಲೆಯಲ್ಲಿ ಅವರು ಹೇಳಿದ ಒಂದು ಸಾಲು ಬರೆದರಾಯಿತು, ಸರ್ವರ್ ಬೀದಿಗೆ ಮುಖ ತೋರಿಸಬೇಕಿಲ್ಲ. (ಗೋಷಾ ಪದ್ಧತಿ ಅಂದುಕೊಳ್ಳಿ.) ಡೊಮೇನಿನ ಹೆಸರಿನ ಮುಂದೆ 'ಫೋಟೊ', 'ಸಿನಿಮಾ' ಎಂದು ಎಷ್ಟು ಬೇಕಾದರೂ ಅಂಟಿಸಿಕೊಳ್ಳಬಹುದು. ವರ್ಷ ವರ್ಷ ದುಡ್ಡು ಕಟ್ಟಲು ಮರೆತರೆ ಮಾತ್ರ ಹೆಸರು ಕಂಡವರ ಪಾಲು.

ಹೆಂಡತಿಯ ಹೊಸ ಪ್ರಶ್ನೆ: "ಅದಕ್ಕೆ ನನ್ನ ಹೆಸರು ಯಾಕೆ ಇಡಲಿಲ್ಲ?"