ಹೆದರಿಕೆಯ ಬಿಲ್ಲು

ಯುದ್ಧಕ್ಕೆ ಒಪ್ಪಿಗೆ ಬೇಕಾದಾಗ ಆಳುವವರು ಮೊದಲು ಹಂಚುವುದು ಹೆದರಿಕೆಯನ್ನು. ಬಿಲ್ಲು ಆಮೇಲೆ ಬರುತ್ತದೆ. ಬಾಣದ ಜೊತೆಯ ಬಿಲ್ಲಲ್ಲ, ಕಾಸಿನದು. ಕಾಶಿಯ ರಾಜ ಚೇತ್ ಸಿಂಗನಿಗೆ ಅದು 1778ರಲ್ಲಿ ಬಂತು: ಫ್ರೆಂಚರ ಮೇಲಿನ ಯುದ್ಧಕ್ಕೆಂದು ಮಾಮೂಲಿ ಕಪ್ಪದ ಮೇಲೆ 5 ಲಕ್ಷ ರೂಪಾಯಿ. ಕಳಿಸಿದವನು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್. ಭೇಲೂಪುರದ ಚಹಾದಂಗಡಿಯಲ್ಲಿ, ಬಿಸಿ ಕುಲ್ಹಡ್ಡನ್ನು ಕೈಯಿಂದ ಕೈಗೆ ದಾಟಿಸುತ್ತ, ಕಾಶಿವಾಸಿ ಮಾವ ಊರಿನಿಂದ ಬಂದ ಅಳಿಯನಿಗೆ ಇದನ್ನು ವಿವರಿಸುವುದು ಹೀಗೆ:

“ಫ್ರೆಂಚರು ಇಲ್ಲಿಗೆ ಬಂದಿದ್ರಾ ಮಾವ?”

“ಎಲ್ಲಿ ಬಂದ್ರು? ಬಾರದ ಶತ್ರುವಿಗೇ ಖರ್ಚು ಜಾಸ್ತಿ, ಲೆಕ್ಕ ಕೇಳೋರಿಲ್ಲ ನೋಡಿ.”

“ಆಮೇಲೆ?”

“1780ರಲ್ಲಿ ನಮ್ಮ ಹೈದರಾಲಿ ಆರ್ಕಾಟಿನ ಕಡೆ ನುಗ್ಗಿದ. ಆ ವರ್ಷವೇ ಇಲ್ಲಿ 2,000 ಕುದುರೆ ಸವಾರರನ್ನ ಕೇಳಿದ್ರು. ಚೌಕಾಸಿಯಾಗಿ 1,000ಕ್ಕೆ ಇಳೀತು.”

“ಗಂಡಾಂತರಕ್ಕೂ ಚೌಕಾಸಿಯೇ?”

“ತರಕಾರಿಗೆ ಇರೋದು ಅದಕ್ಕಿಲ್ವೇ?”

ಅಷ್ಟೂ ಬರಲಿಲ್ಲವೆಂದು 1781ರ ಆಗಸ್ಟಿನಲ್ಲಿ ಹೇಸ್ಟಿಂಗ್ಸ್ ತಾನೇ ಬಂದು, ಭೇಲೂಪುರದಿಂದ ನಡೆದೇ ಹೋಗಬಹುದಾದ ಶಿವಾಲಾದ ಅರಮನೆಯಲ್ಲಿ ರಾಜನನ್ನು ಕಾವಲಿಗಿಟ್ಟ. ಕಾವಲಿನ ಸಿಪಾಯಿಗಳ ಬಳಿ ಮದ್ದುಗುಂಡೇ ಇರಲಿಲ್ಲ. ರಾಜನ ಕಡೆಯವರು ಅವರನ್ನು ಕೊಂದರು. ಪೇಟಗಳನ್ನು ಗಂಟುಹಾಕಿ ರಾಜ ಕಿಟಕಿಯಿಂದ ಗಂಗೆಗೆ ಇಳಿದ. ಹೇಸ್ಟಿಂಗ್ಸ್ ರಾತ್ರೋರಾತ್ರಿ ಚುನಾರಿಗೆ ಓಡಿದ.

“ಹೆದರಿಸಿದವನೇ ಹೆದರಿದ್ನಾ?”

“ಹೆದರಿದ್ದಕ್ಕೂ ಅಫಿಡವಿಟ್ಟು ಬರೆಸಿಕೊಂಡ! ದಂಗೆಯ ಹಿಂದೆ ಅವಧದ ಬೇಗಂಗಳ ಒಳಸಂಚು ಅಂದ; ಅವರ ಖಜಾನೆಗೂ ಕೈ ಬಿತ್ತು.”

ಇದಕ್ಕೆಲ್ಲ ಅವನ ಮೇಲೆ ಲಂಡನ್ನಿನಲ್ಲಿ 1788ರಲ್ಲಿ ಶುರುವಾದ ವಿಚಾರಣೆ 1795ರಲ್ಲಿ ಮುಗಿಯಿತು. ಹೇಸ್ಟಿಂಗ್ಸ್ ನಿರ್ದೋಷಿಯೆಂದು ತೀರ್ಪಾಯಿತು. ಚೇತ್ ಸಿಂಗ್ 1810ರಲ್ಲಿ ಗ್ವಾಲಿಯರಿನಲ್ಲಿ ತೀರಿಕೊಂಡ.