ಅಥಾತೋ ಕಡಲಹಕ್ಕಿ ಜಿಜ್ಞಾಸಾ

ಬಾನಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಹಕ್ಕಿಯೋ, ಅಲೆಯ ನೆರಳೋ, ಗಾಜಿಗೆ ಸಿಡಿದ ಉಪ್ಪುನೀರೋ? ನ್ಯಾಯಸೂತ್ರದ ಗೌತಮರು ಈ ಪ್ರಶ್ನೆಯನ್ನು ಎತ್ತಿಕೊಂಡಿಲ್ಲ. ಅವರು ಐರ್ಲೆಂಡಿನ ಕ್ಲೇರ್ ಕೌಂಟಿಗೆ ಹೋಗಿರಲಿಲ್ಲ, ಪಾಪ.

ದಡದಲ್ಲಿ ಕೂತು ಕಡಲಹಕ್ಕಿ ಗುರುತಿಸುವವರ ಶಾಸ್ತ್ರಪೀಠ ಇರುವುದು ಅಲ್ಲೇ, ಲೂಪ್ ಹೆಡ್ ಪರ್ಯಾಯ ದ್ವೀಪದ ಬ್ರಿಡ್ಜಸ್ ಆಫ್ ರಾಸ್ ಎಂಬ ಬಂಡೆದಂಡೆಯಲ್ಲಿ. ಕಡಲು ಕೊರೆದ ಮೂರು ಕಲ್ಲುಕಮಾನುಗಳಲ್ಲಿ ಎರಡು ಕುಸಿದು ಈಗ ಒಂದೇ ಉಳಿದಿದೆ. ಇಲ್ಲದ್ದನ್ನು ಇದೆಯೆಂದು ಸಾಧಿಸುವ ವಿದ್ಯೆಗೆ ತಕ್ಕ ಜಾಗವೇ. ಆಗಸ್ಟ್-ಸೆಪ್ಟೆಂಬರಿನಲ್ಲಿ ವಾಯವ್ಯದ ಗಾಳಿ ಬಿರುಸಾದರೆ, ದಕ್ಷಿಣಕ್ಕೆ ಹೊರಟ ಅಟ್ಲಾಂಟಿಕ್ ಹಕ್ಕಿಗಳು ದಡದತ್ತ ಸರಿದುಬಿಡುತ್ತವೆ. ಮತ್ತೆ ತೆರೆದ ಕಡಲು ಸೇರಲು ಅವು ಈ ಬಂಡೆಗಳ ಮುಂದೆಯೇ ಪಶ್ಚಿಮಕ್ಕೆ ಹಾರಬೇಕು. ಆದ್ದರಿಂದ ಊರವರು ಕದ ಹಾಕಿಕೊಳ್ಳುವ ದಿನವೇ ಸಾಧಕರಿಗೆ ಶುಭದಿನ. ಬಿಸಿಲು ಬಂದರೆ ಸೂತಕ.

ಪ್ರಮಾಣಗಳಲ್ಲಿ ಪ್ರತ್ಯಕ್ಷ ಇಲ್ಲಿ ಬಲು ದುರ್ಬಲ. ಹಕ್ಕಿಯನ್ನು 30 ಪಟ್ಟು ಹಿಗ್ಗಿಸುವ ಟೆಲಿಸ್ಕೋಪು ಗಾಳಿಯ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ. ಹೀಗಾಗಿ ಅನುಮಾನವೇ ಗತಿ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ; ರೆಕ್ಕೆ ಸೆಟೆಸಿ ಅಲೆಯ ಮೇಲೆ ಓರೆಯಾಗಿ ಜಾರಿದರೆ ಶಿಯರ್‌ವಾಟರ್; ಮೈಯೆಲ್ಲ ಮಸಿಯಾಗಿ ರೆಕ್ಕೆಯಡಿ ಮಾತ್ರ ಬೆಳ್ಳಿ ಮಿಂಚಿದರೆ, ದಕ್ಷಿಣಾರ್ಧಗೋಳದಲ್ಲಿ ಮರಿ ಮಾಡುವ ಸೂಟಿ ಶಿಯರ್‌ವಾಟರ್. ಸುಮಾರು 25 ಗ್ರಾಂ ತೂಗುವ ಸ್ಟಾರ್ಮ್ ಪೆಟ್ರೆಲ್ ಅಲೆಗಳ ನಡುವೆ ಇಳಿದು ಮೇಲೇಳದಿದ್ದರೆ ಮೀಮಾಂಸಕರಿಂದ, ಕಾಣದಿರುವುದೇ ಇಲ್ಲದಿರುವುದಕ್ಕೆ ಪುರಾವೆ ಎನ್ನುವ ಅನುಪಲಬ್ಧಿಯನ್ನು ಕಡ ತರಬೇಕು.

ಉಳಿದದ್ದು ಶಬ್ದಪ್ರಮಾಣ. ‘ಮೂರನೇ ಅಲೆಯ ಹಿಂದೆ, ಎಡಕ್ಕೆ!’ ಎಂದು ಹಿರಿಯರೊಬ್ಬರು ಕೂಗುತ್ತಾರೆ. ಕಿರಿಯರು ತಿರುಗುವಷ್ಟರಲ್ಲಿ ಮೂರನೇ ಅಲೆ ಬಂಡೆಗೆ ಬಡಿದು ನೊರೆಯಾಗಿರುತ್ತದೆ. ಆದರೂ ಆಪ್ತವಾಕ್ಯ ಟಿಪ್ಪಣಿ ಪುಸ್ತಕ ಸೇರುತ್ತದೆ. ನಗುವವರು ಮದೀರಾ ದ್ವೀಪದ ದೃಷ್ಟಾಂತ ನೆನೆಯಲಿ: 1969ರಲ್ಲಿ ಪಾಲ್ ಅಲೆಕ್ಸಾಂಡರ್ ಝೀನೋ ಎಂಬವರು ಪೆಟ್ರೆಲ್ ಕೂಗಿನ ಧ್ವನಿಮುದ್ರಣ ಕೇಳಿಸಿದಾಗ ಕುರುಬನೊಬ್ಬ ಗುರುತು ಹಿಡಿದ. ಕಳೆದೇಹೋಯಿತೆಂದುಕೊಂಡಿದ್ದ ಹಕ್ಕಿಯ ಗೂಡಿನ ತಾಣ ಸಿಕ್ಕಿದ್ದು ಹಾಗೆ.

ಇಲ್ಲಿ ಪೂರ್ವಪಕ್ಷಿಯ ಆಕ್ಷೇಪ: ‘ಫೋಟೋ ಎಲ್ಲಿ?’

ಸಮಾಧಾನ. ಛಾಯಾಗ್ರಾಹಕ ಟ್ರೈಪಾಡಿನ ಕಾಲು ಅಗಲಿಸಿ, ನಡುವೆ ಚೀಲ ತೂಗುಹಾಕಿ, ಶಟರನ್ನು ಸೆಕೆಂಡಿನ 2000ನೇ ಒಂದು ಭಾಗಕ್ಕೆ ಇಟ್ಟು ಕಾದಿದ್ದಾನೆ. ಲೆನ್ಸ್ ಒರೆಸುವ ಬಟ್ಟೆ ಬೆಳಗಿನಿಂದ ಉಪ್ಪು ಕುಡಿದು, ಒರೆಸಿದಷ್ಟೂ ಮಂಜು ಬಳಿಯುತ್ತಿದೆ. ಹಕ್ಕಿ ಬಂತು. ಆಟೋಫೋಕಸ್ ನೊರೆಯನ್ನು ಆರಿಸಿಕೊಂಡಿತು. ಫಲ: ಅತಿ ಸ್ಪಷ್ಟವಾದ ಅಲೆ, ಅದರಾಚೆ ಬೂದು ಗೀಟು.

ಗೀಟು ಮದೀರಾದ ಆ ಹಕ್ಕಿ, ಅಂದರೆ ಝೀನೋ ಪೆಟ್ರೆಲ್, ಅಥವಾ ಅದರ ದಾಯಾದಿ ಫೇಯಾ ಪೆಟ್ರೆಲ್ ಆಗಿದ್ದರಂತೂ ಹಬ್ಬ. ಕಡಲ ಮೇಲೆ ಇವೆರಡನ್ನು ಬೇರ್ಪಡಿಸುವುದು ಎಷ್ಟು ಕಷ್ಟವೆಂದರೆ, ದಾಖಲೆಗಳಲ್ಲಿ ನಡುವೆ ಓರೆಗೆರೆ ಹಾಕಿ ಎರಡೂ ಹೆಸರು ಬರೆಯುವುದುಂಟು. ಕೊಕ್ಕಿನ ದಪ್ಪ ಮುಖ್ಯ ಲಕ್ಷಣ. ನಾಲ್ಕು ಪಿಕ್ಸೆಲ್ಲಿನ ಕೊಕ್ಕಿನ ಬಗ್ಗೆ ಖಂಡನ ಮಂಡನ ಜೋರಾಗಿರುವಾಗ, ಆರಡಿ ರೆಕ್ಕೆಯ ಬೆಳ್ಳನೆಯ ಗ್ಯಾನೆಟ್ಟೊಂದು ಪಂಡಿತರ ಮುಂದೆಯೇ ಹಾದುಹೋಗುತ್ತದೆ. ಯಾರೂ ತಲೆಯೆತ್ತುವುದಿಲ್ಲ. ಅದರ ಗುರುತಿನಲ್ಲಿ ತಕರಾರಿಲ್ಲವಲ್ಲ.