ದ್ವಿವಿದ್ಯುದ್ರಥ ಮೀಮಾಂಸೆ: ಸಿರುಗುಪ್ಪ ಪರಿಪ್ರೇಕ್ಷ್ಯದಲ್ಲಿ ಒಂದು ತೌಲನಿಕ ಅಧ್ಯಯನ

ಪ್ರಸ್ತುತ ಮಹಾಪ್ರಬಂಧವು ಟಾಟಾ ಹ್ಯಾರಿಯರ್ ಇವಿ ಮತ್ತು ಮಹೀಂದ್ರಾ ಬಿಇ 6 ಎಂಬ ಎರಡು ವಿದ್ಯುದ್ರಥಗಳ ನಡುವಣ ಆಯ್ಕೆಯ ತಾತ್ವಿಕ ನೆಲೆಗಳನ್ನು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಭೌಗೋಳಿಕ, ಔಷ್ಣಿಕ ಹಾಗೂ ನೆಲ್ಲುಮೂಲ ಪರಿಪ್ರೇಕ್ಷ್ಯದಲ್ಲಿಟ್ಟು ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನ. ಅಧ್ಯಯನದ ವ್ಯಾಪ್ತಿ: ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಬಳ್ಳಾರಿಯ ಶೋರೂಮುಗಳು. ಅಧ್ಯಯನದ ಮಿತಿ: ಬ್ಯಾಂಕಿನ ಸಾಲ. ಈ ಕ್ಷೇತ್ರದಲ್ಲಿ ಪೂರ್ವಸೂರಿಗಳ ಕೆಲಸ ಅಪಾರವಾಗಿದೆ. ಹೋಲಿಕೆ ವಿಮರ್ಶಕರೆಂಬ ನೂತನ ಪಂಡಿತವರ್ಗವು ಬಾಗಿಲು ಮುಚ್ಚುವಾಗ ಹೊರಡುವ ‘ಧಬ್’ ನಾದದ ಧ್ವನಿಸಿದ್ಧಾಂತವನ್ನೂ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕನ್ನು ಬೆರಳಿನಿಂದ ಒತ್ತಿ ಅದರ ಮೃದುತ್ವವನ್ನು ನಿರ್ಣಯಿಸುವ ಸ್ಪರ್ಶಮೀಮಾಂಸೆಯನ್ನೂ ಈಗಾಗಲೇ ಪರಾಕಾಷ್ಠೆಗೆ ಒಯ್ದಿದೆ. ಇಷ್ಟೆಲ್ಲ ಒತ್ತಿ, ತಟ್ಟಿ, ಆಲಿಸಿದ ಮೇಲೆ ಅವರು ಕೊಡುವ ತೀರ್ಪು ಮಾತ್ರ ಒಂದೇ: ಎರಡೂ ಒಳ್ಳೆಯ ಗಾಡಿಗಳೇ, ನಿಮ್ಮ ಅಗತ್ಯಕ್ಕೆ ತಕ್ಕುದನ್ನು ಆರಿಸಿಕೊಳ್ಳಿ. ಆ ಅಗತ್ಯ ಏನೆಂದು ಯಾರೂ ಕೇಳಿದಂತಿಲ್ಲ. ಈ ಪ್ರಬಂಧದ ಪ್ರಮೇಯ ಹೀಗಿದೆ: ಈ ಎರಡು ಕಾರುಗಳ ನಡುವೆ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾರಿನೊಳಗಿಲ್ಲ, ಕೊಳ್ಳುವವನ ಬದುಕಿಗೆ ವ್ಯತ್ಯಾಸ ತರುವುದೆಲ್ಲ ಕಾರಿನ ಹೊರಗಿದೆ, ಮತ್ತು ಅದು ಎರಡಕ್ಕೂ ಒಂದೇ.

ಶಾಸ್ತ್ರಕ್ರಮದಂತೆ ಭೇದಗಳು ಐದು: ಅಂಕಭೇದ, ಕ್ಷಣಭೇದ, ದೂರಭೇದ, ನೆಲಭೇದ, ಗಾಜುಭೇದ. ಮೊದಲು ಅಂಕಭೇದ. ಭಾರತ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಎರಡಕ್ಕೂ ಐದು ನಕ್ಷತ್ರ. ವಯಸ್ಕರ ರಕ್ಷಣೆಯಲ್ಲಿ ಮಾತ್ರ ಹ್ಯಾರಿಯರ್‌ಗೆ 32ಕ್ಕೆ 32, ಬಿಇ 6ಕ್ಕೆ 31.97. ಆ 0.03 ಅಂಕ ಎಲ್ಲಿ ಸೋರಿಹೋಯಿತೆಂಬುದು ವಿದ್ವತ್‌ವಲಯದ ನಿದ್ದೆಗೆಡಿಸಿದ ಪ್ರಶ್ನೆ. ಕ್ಷಣಭೇದಕ್ಕೆ ಬಂದರೆ, ನಿಂತಲ್ಲಿಂದ ನೂರರ ವೇಗಕ್ಕೆ ನಾಲ್ಕು ಚಕ್ರ ಚಾಲನೆಯ ಹ್ಯಾರಿಯರ್‌ಗೆ 6.3 ಸೆಕೆಂಡು, ಬಿಇ 6ಕ್ಕೆ 6.7. ತೆಕ್ಕಲಕೋಟೆ ದಾರಿಯಲ್ಲಿ ಎದುರಾದ ಎಮ್ಮೆ ಈ 0.4 ಸೆಕೆಂಡಿನಲ್ಲಿ ಒಂದು ಹೆಜ್ಜೆಯನ್ನೂ ಪೂರ್ತಿ ಎತ್ತಿಡದು. ಅದು ರಸ್ತೆಯ ನಡುವೆ ಇರುವಷ್ಟು ಹೊತ್ತು ಎರಡೂ ಕಾರುಗಳ ವೇಗ ಸೊನ್ನೆ. ದೂರಭೇದ ಇನ್ನೂ ಗಹನ. 79 ಕಿಲೋವ್ಯಾಟ್‌ ಅವರ್ ಬ್ಯಾಟರಿಯ ಬಿಇ 6 ಒಂದು ಚಾರ್ಜಿಗೆ 682 ಕಿಲೋಮೀಟರ್ ಓಡುತ್ತದಂತೆ, 75ರ ಹ್ಯಾರಿಯರ್ ಹಿಂಚಕ್ರ ಮಾದರಿ 627. ವ್ಯತ್ಯಾಸ 55, ಅಂದರೆ ಹೆಚ್ಚುಕಡಿಮೆ ಸಿರುಗುಪ್ಪದಿಂದ ಬಳ್ಳಾರಿಗೆ ಒಂದು ಸಲ ಹೋಗುವಷ್ಟು. ಕೊನೆಗೂ ಒಂದು ಉಪಯೋಗದ ಅಂಕಿ ಸಿಕ್ಕಿತೆಂದು ಹಿಗ್ಗುವಂತಿಲ್ಲ. ಈ ಎರಡೂ ಅಂಕಿ ಹುಟ್ಟಿದ್ದು ಪ್ರಯೋಗಾಲಯದ ರೋಲರ್ ಮೇಲೆ, ಕಾರು ನಿಂತಲ್ಲೇ ಚಕ್ರ ತಿರುಗಿಸಿ, ಗಂಟೆಗೆ 90 ಮೀರದಂತೆ. ತಯಾರಕರಿಗೇ ಇದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಟಾಟಾದವರು ‘ಸಿ75’ ಎಂಬ ಎರಡನೆಯ ಅಂಕಿ ಕೊಟ್ಟು, ನೂರಕ್ಕೆ 75 ಗ್ರಾಹಕರಿಗೆ ದಕ್ಕುವುದು 480ರಿಂದ 505 ಎನ್ನುತ್ತಾರೆ. ಮಹೀಂದ್ರಾದವರೂ ರಸ್ತೆಯ ಮೇಲೆ ಐನೂರರ ಮಾತನ್ನೇ ಆಡುತ್ತಾರೆ. ರೋಲರ್ ಇಳಿದೊಡನೆ ದೂರಭೇದ ಅಳಿಸಿಹೋಯಿತು.

ನೆಲಭೇದದಲ್ಲಿ ಹ್ಯಾರಿಯರ್‌ನ ನಾಲ್ಕು ಚಕ್ರ ಚಾಲನೆಯದೇ ಮೇಲುಗೈ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಮರಳಿಗೊಂದು, ಬಂಡೆಗೊಂದು, ಕೆಸರಿಗೊಂದು, ಹಿಮಕ್ಕೊಂದು ಎಂದು ಬೇರೆಬೇರೆ ಮೋಡ್ ಉಂಟು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜಿಲ್ಲೆಗೆ ಹಿಮದ ಮೋಡ್ ದಯಪಾಲಿಸಿದ ದೂರದೃಷ್ಟಿಗೆ ಶರಣು. ಮಳೆಗಾಲದ ಎರೆಮಣ್ಣಿನ ವಿಷಯ ಬೇರೆ. ಅದು ಜಾರಿಸುವುದಕ್ಕಿಂತ ಹೆಚ್ಚಾಗಿ ಚಕ್ರಕ್ಕೆ ಮೆತ್ತಿ, ಮಡ್‌ಗಾರ್ಡಿನವರೆಗೆ ತುಂಬಿ, ಎರಡು ಟನ್ನಿನ ಗಾಡಿಯನ್ನು ಇದ್ದಲ್ಲೇ ಕೂರಿಸುತ್ತದೆ. ಆಮೇಲೆ ಬೇಕಾದದ್ದು ಟ್ರ್ಯಾಕ್ಟರು ಮತ್ತು ಹಗ್ಗ. ಐದನೆಯ ಗಾಜುಭೇದವನ್ನು ಕೈಬಿಡಲಾಗಿದೆ. ಬಳ್ಳಾರಿಯ ಮೇ ತಿಂಗಳಲ್ಲಿ ನೆತ್ತಿಯ ಮೇಲೆ ಗಾಜಿನ ಚಾವಣಿ ಬೇಕೆಂದು ಹೆಚ್ಚು ಹಣ ಕೊಟ್ಟು, ಅದರ ಕೆಳಗೆ ಏಸಿ ಹಾಕಿ ಕೂರುವವರ ಜೊತೆ ಯಾವ ಮೀಮಾಂಸೆಯೂ ನಡೆಯದು.

ವಿಂಗಡಣೆಗೆ ಸಿಗದ ಒಂದು ಸಂಗತಿಯಿದೆ, ಅದನ್ನು ಹತ್ತಿರದಿಂದ ನೋಡಬೇಕು. ಎರಡೂ ಕಾರುಗಳಲ್ಲಿ ಎರಡನೇ ಹಂತದ ‘ಅಡಾಸ್’ ಎಂಬ ಚಾಲಕ ನೆರವಿನ ವ್ಯವಸ್ಥೆ ಸಿಗುತ್ತದೆ. ಮುಂಗಾಜಿನ ಹಿಂದಿನ ಕ್ಯಾಮೆರಾ ರಸ್ತೆಯ ಬಿಳಿಗೆರೆ ಓದಿ ಸ್ಟೀರಿಂಗ್ ತಿದ್ದುತ್ತದೆ. ಸುಗ್ಗಿಯ ದಿನಗಳಲ್ಲಿ ಸಿರುಗುಪ್ಪ ಸುತ್ತಿನ ಹಳ್ಳಿದಾರಿಗಳಲ್ಲಿ ಬಿಳಿಗೆರೆ ಬಳಿದಿದ್ದರೂ ಅದು ಇರುವುದು ನೆಲ್ಲಿನ ಅಡಿಯಲ್ಲಿ. ಅರ್ಧ ರಸ್ತೆಗೆ ನೆಲ್ಲು ಹರವಿ, ಅಂಚಿನುದ್ದಕ್ಕೂ ಕಲ್ಲು ಸಾಲಿಟ್ಟಿರುತ್ತಾರೆ. ಹೆಣ್ಣುಮಕ್ಕಳು ಬರಿಗಾಲಲ್ಲಿ ಅದರೊಳಗೆ ಕಾಲೆಳೆದು ನಡೆಯುತ್ತ ಗೆರೆಗೆರೆಯಾಗಿ ತಿರುವುತ್ತಿರುತ್ತಾರೆ. ಸಂಜೆಗೆ ರಾಶಿ ಮಾಡಿ, ತಾಡಪತ್ರಿ ಹೊದಿಸಿ, ಮತ್ತೆ ಅದೇ ಕಲ್ಲುಗಳನ್ನು ಹೇರುತ್ತಾರೆ. ಕತ್ತಲಾದ ಮೇಲೆ ಹಿಂದೀಪವಿಲ್ಲದ ಟ್ರೇಲರು ಅದರ ಪಕ್ಕ ನಿಂತಿರುತ್ತದೆ. ವಿಮರ್ಶಕ ಪಂಡಿತರು ಇದನ್ನು ‘ಭಾರತೀಯ ರಸ್ತೆಗಳ ಅಶಿಸ್ತು’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅಶಿಸ್ತು ಯಾರದು ಸ್ವಾಮಿ? ಕಂಬೈನ್ ಯಂತ್ರ ಹಸಿ ನೆಲ್ಲನ್ನು ಗಂಟೆಗಳಲ್ಲಿ ಸುರಿದು ಹೋಗುತ್ತದೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ನೂರಕ್ಕೆ 17 ಮೀರಬಾರದು. ಮೀರಿದರೆ ವ್ಯಾಪಾರಿ ಹೇಳಿದ್ದೇ ದರ. ಊರಿಗೆ ಸಾಲುವಷ್ಟು ಒಣಗಿಸುವ ಕಟ್ಟೆ ಕಟ್ಟಿಸಿಕೊಡದೆ, ಹೊಲದಿಂದ ಮಿಲ್ಲಿನವರೆಗೆ ಸಿಗುವ ಒಂದೇ ಒಂದು ಗಟ್ಟಿನೆಲವಾದ ಡಾಂಬರನ್ನು ರೈತ ಕಣ ಮಾಡಿಕೊಂಡರೆ, ಇಪ್ಪತ್ತು ಲಕ್ಷ ಮೀರಿದ ಗಣಕವೊಂದು ಬಂದು ಅವನ ವರ್ಷದ ದುಡಿಮೆಯನ್ನು ‘ಅಡಚಣೆ’ ಎಂದು ಗುರುತಿಸಿ ಕಿಂಯ್ ಎನ್ನುತ್ತದೆ.

ವ್ಯತ್ಯಾಸವೆಲ್ಲ ಕಾರಿನ ಹೊರಗಿದೆ ಎಂಬ ಪ್ರಮೇಯಕ್ಕೆ ಮುಖ್ಯ ಆಕ್ಷೇಪ ಇದು: ದಾರಿಯಲ್ಲಿ ಚಾರ್ಜಿಂಗ್ ಕೇಂದ್ರ ಇಲ್ಲದಿದ್ದರೇನು, ಮನೆಯಲ್ಲೇ ರಾತ್ರಿ ಹಚ್ಚಿದರೆ ಸಾಕಲ್ಲ? ಸಾಕು, ಧಾರಾಳವಾಗಿ ಸಾಕು. ಬಳ್ಳಾರಿಗೆ ಹೋಗಿ ಬರಲು ಇಂಥ ಗಾಡಿಗೆ ಸುಮಾರು 20 ಯೂನಿಟ್ ಕರೆಂಟ್ ಬೇಕು. ಗೀಸರ್ ಹಚ್ಚುವಂಥ ದಪ್ಪ ಪ್ಲಗ್ಗಿನಲ್ಲೇ ಮಲಗಿ ಏಳುವಷ್ಟರಲ್ಲಿ ಅದು ತುಂಬಿಬಿಡುತ್ತದೆ. ಆದರೆ ಈ ಆಕ್ಷೇಪ ಪ್ರಬಂಧವನ್ನು ಖಂಡಿಸುವ ಬದಲು ಗೆಲ್ಲಿಸಿಕೊಟ್ಟಿತು. ದಿನದ ಓಡಾಟ ಇಷ್ಟೇ ಆದರೆ 627ಕ್ಕೂ 682ಕ್ಕೂ ಜಗಳವೇಕೆ? ಬಿಇ 6ರ 59ರ ಸಣ್ಣ ಬ್ಯಾಟರಿಯೂ ಹ್ಯಾರಿಯರ್‌ನ 65ರದ್ದೂ ಹೆಚ್ಚೇ ಆಯಿತು. ಉಳಿಯುವ ಪ್ರಶ್ನೆ ಮೀಟರಿನದು, ತಂತಿಯದು, ಟಿಸಿ ಎಂಬ ಟ್ರಾನ್ಸ್‌ಫಾರ್ಮರಿನದು. ಮನೆಗೆ ಹಾಕಿಸುವ 7.2 ಕಿಲೋವ್ಯಾಟ್ ಚಾರ್ಜರ್ ಎಂದರೆ ಸರಿಸುಮಾರು 10 ಎಚ್‌ಪಿ ಪಂಪ್‌ಸೆಟ್ಟಿನ ಭಾರ. ಅದೇ ಭಾರದ ಪಂಪ್‌ಸೆಟ್ಟಿಗೆ ಈ ರಾಜ್ಯದಲ್ಲಿ ತ್ರೀ ಫೇಸ್ ಕೊಡುವುದು ಏಳು ಗಂಟೆ, ಅದೂ ಪಾಳಿಯಲ್ಲಿ. ರಾತ್ರಿ ಪಾಳಿ ಬಂದವನು ಬ್ಯಾಟರಿ ದೀಪ ಹಿಡಿದು ಹಾವು ತುಳಿಯದಂತೆ ಗದ್ದೆಗೆ ನಡೆಯಬೇಕು. ಪೂರೈಕೆ ಉಚಿತ, ನಿಜ. ಟಿಸಿ ಸುಟ್ಟರೆ ಹೊಸದು ಬರುವವರೆಗೆ ಪೈರು ಕಾಯುವುದಿಲ್ಲ ಎಂಬುದೂ ನಿಜ.

ಕಲ್ಲಿದ್ದಲಿನ ಕರೆಂಟಿನಲ್ಲಿ ಓಡುವ ಕಾರು ಹಸಿರು ಹೇಗಾದೀತು ಎನ್ನುವವರೂ ಇದ್ದಾರೆ. ಕುಡಿತಿನಿಯ 1,700 ಮೆಗಾವ್ಯಾಟ್ ಸ್ಥಾವರದ ಹೊಗೆ ಜಿಲ್ಲೆಗೆ ಹೊಸದಲ್ಲ. ಆದರೂ ಡೀಸೆಲ್ ಗಾಡಿಗಿಂತ ವಿದ್ಯುತ್ ಕಾರು ವಾಸಿ. ರೈಸ್‌ಮಿಲ್ಲುಗಳ ತಗಡಿನ ಮಾಡುಗಳಿಗೆ ಸೌರಫಲಕ ಹೊದಿಸಿದರೆ ಇನ್ನೂ ವಾಸಿ, ಬಿಸಿಲಿಗೆ ಇಲ್ಲಿ ಬರವಿಲ್ಲ. ವಾದ ಕಾರಿನ ವಿರುದ್ಧವಲ್ಲ, ಕಾರಿನ ಹೊರಗೆ ಕಡೆಗಣಿಸಿದ್ದರ ಬಗ್ಗೆ. 2024ರ ಆಗಸ್ಟ್ 7ರಂದು ಟಾಟಾದವರದೇ ಮತ್ತೊಂದು ವಿದ್ಯುತ್ ಕಾರು ಕರ್ವ್ ಬಿಡುಗಡೆಯಾಯಿತು. ಮೂರು ದಿನ ಕಳೆದು, 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 33 ಗೇಟುಗಳ, ಏಳು ದಶಕ ಹಳೆಯ ಕಟ್ಟೆ. ಚಾಲಕನಿಲ್ಲದ ಕಾರನ್ನು ಕೀಲಿಯ ಗುಂಡಿ ಒತ್ತಿ ಹತ್ತಿರ ಕರೆಸಿಕೊಳ್ಳುವ ವಿದ್ಯೆ ನಮ್ಮಲ್ಲಿದೆ. ಒಂದು ಸರಪಳಿ ತುಂಡಾಗಬಹುದೆಂದು ಮೊದಲೇ ತಿಳಿಯುವ ವ್ಯವಧಾನ ಇರಲಿಲ್ಲ. ಆ ಕಟ್ಟೆಯ ನೀರು ಎಲ್‌ಎಲ್‌ಸಿ ಎಂಬ ಕೆಳಮಟ್ಟದ ಕಾಲುವೆಗೆ ಬಂದರೆ ನೆಲ್ಲು, ನೆಲ್ಲು ಬಂದರೆ ಮಿಲ್ಲು, ಮಿಲ್ಲು ನಡೆದರೆ ಸಾಲದ ಕಂತು. ಸಿರುಗುಪ್ಪದಲ್ಲಿ ಕಾರು ಕೊಳ್ಳುವವನು ಯಾವುದೇ ಕಂಪನಿಯ ಗಿರಾಕಿಯಾಗಲಿ, ಮೊದಲು ಆ ಗೇಟಿನ ಗಿರಾಕಿ. ಎರಡನೇ ಬೆಳೆಗೆ ನೀರು ಉಂಟೋ ಇಲ್ಲವೋ ಎಂದು ನೀರಾವರಿ ಸಲಹಾ ಸಮಿತಿ ಹೇಳುವವರೆಗೆ ಬುಕಿಂಗ್ ಮುಂಗಡ ಕಟ್ಟದಿರುವವನೇ ಇಲ್ಲಿ ನಿಜವಾದ ಪಂಡಿತ.

ಇಷ್ಟಾದರೂ ಎರಡರಲ್ಲಿ ಯಾವುದು ಎಂದು ಕೇಳುವವರಿಗೆ ತೀರ್ಪು: ಸಣ್ಣ ಬ್ಯಾಟರಿಯದು, ಗಾಜಿನ ಚಾವಣಿ ಇಲ್ಲದ್ದು ಸಿಕ್ಕರೆ ಅದು, ಯಾರು ಬೇಗ ರಿಪೇರಿ ಮಾಡಿಕೊಡುತ್ತಾರೋ ಅವರದು. ಶೋರೂಮಿಗೆ ಹೋಗುವ ಮುನ್ನ ಮನೆಯ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿಕೊಳ್ಳಿ. ಮೂರು ಕಿಲೋವ್ಯಾಟೋ ಅದಕ್ಕಿಂತ ಕಡಿಮೆಯೋ ಇದ್ದರೆ ಮೊದಲು ಅದನ್ನು ಹೆಚ್ಚಿಸಲು ಅರ್ಜಿ ಕೊಡಿ.